ಹೊಳೆಯ ಮೀನನ್ನು ಎಣಿಸುವುದು ಹೇಗೆ?



ಮೆಟ್ರೋದಲ್ಲಿ ಹಿಂಡನ್ ರಿವರ್ ಸ್ಟೇಷನ್ ದಾಟುವಾಗ ಕೆಳಗೆ ನೋಡಿದ್ದೀರಾ? ಸಹಾರನ್‌ಪುರದ ಕಡೆಯಿಂದ ಬಂದು ನೋಯ್ಡಾದ ಬಳಿ ಯಮುನೆ ಸೇರುವ ಹೊಳೆ ಅದು. ಘಾಜಿಯಾಬಾದ್ ಮುಟ್ಟುವಷ್ಟರಲ್ಲಿ ನೀರು ಕಪ್ಪಾಗಿರುತ್ತದೆ. "ಇದರಲ್ಲಿ ಮೀನು ಇದೆಯಾ?" ಎಂದು ಮಕ್ಕಳು ಕೇಳಿದರೆ ಏನು ಹೇಳೋಣ?

ಮೊದಲು ನೀರನ್ನು ಕೇಳಬೇಕು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಮೀನು ಬಾಳಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಕೊಳಚೆ ಸೇರಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ನಮ್ಮ ಹಿಂಡನ್‌ನಲ್ಲಿ ಈ ಅಳತೆ ಸೊನ್ನೆಯ ಹತ್ತಿರ ಇಳಿದದ್ದೂ ಇದೆ. ಅಂಥಲ್ಲಿ ಬಲೆ ಬೀಸಿ ನೋಡುವ ಅಗತ್ಯವೇ ಇಲ್ಲ.

ನೀರು ಚೆನ್ನಾಗಿರುವ ದೊಡ್ಡ ನದಿಯಲ್ಲಿ? ಹೊಳೆ ಬತ್ತಿಸಿ ಎಣಿಸಲಾಗದು. ಹಾಗಾಗಿ ಎಷ್ಟು ಹೊತ್ತು ಗಾಳ ಹಾಕಿದರೆ ಎಷ್ಟು ಮೀನು ಸಿಕ್ಕಿತು ಎಂದು ವರ್ಷ ವರ್ಷವೂ ಬರೆದಿಡುತ್ತಾರೆ. ಗಂಟೆಯ ಲೆಕ್ಕದಲ್ಲಿ ಮೀನು ಕಡಿಮೆಯಾದರೆ ಹೊಳೆಯಲ್ಲೂ ಕಡಿಮೆಯಾಗಿರಬಹುದು ಎಂದು ಊಹಿಸುತ್ತಾರೆ.

ಇದಕ್ಕೆ ನಮ್ಮ ಕಾವೇರಿಯದೇ ಉದಾಹರಣೆ ಇದೆ. ಸಂಗಮದ ಕೆಳಗಿನ ಗಾಳಿಬೋರೆಯಲ್ಲಿ ಗಾಳಗಾರರು ಹಿಡಿದು, ಮತ್ತೆ ನೀರಿಗೇ ಬಿಡುತ್ತಿದ್ದ ಮಹಶೀರ್‌ಗಳ, ಅಂದರೆ ನಮ್ಮ ಬಿಳಿಮೀನುಗಳ, ದಾಖಲೆ ಇತ್ತು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ವಿಜ್ಞಾನಿಗಳು ತೆರೆದು ನೋಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಗುವ ಮೀನಿನ ಸಂಖ್ಯೆ ಏರಿತ್ತು! ಸಂತೋಷಪಡುವಂತಿರಲಿಲ್ಲ. ಏರಿದ್ದು ಸಾಕಣೆ ಕೇಂದ್ರದಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ದೊಡ್ಡ ಮೀನು ಕಾಣೆಯಾಗುತ್ತಿತ್ತು. 2018ರಲ್ಲಿ ಅದನ್ನು ಅಳಿವಿನಂಚಿನ ಅತಿ ಅಪಾಯದ ಪಟ್ಟಿಗೆ ಸೇರಿಸಲಾಯಿತು.

ಬರೀ ಒಟ್ಟು ಸಂಖ್ಯೆ ನೋಡಿದ್ದರೆ "ಎಲ್ಲ ಸರಿಯಾಗಿದೆ" ಎನ್ನುತ್ತಿದ್ದೆವು. ಯಾವ ಮೀನು, ಎಷ್ಟು ದೊಡ್ಡದು ಎಂದೂ ಬರೆದಿಟ್ಟದ್ದರಿಂದ ಸತ್ಯ ಗೊತ್ತಾಯಿತು. ತೂಕ, ತಳಿ, ದಿನಾಂಕ: ಗಾಳಗಾರರು ಗೀಚಿಟ್ಟ ಈ ಮೂರು ವಿವರ ಒಂದು ಮೀನಿನ ಪರ ಸಾಕ್ಷಿ ಹೇಳಿದವು.

ಮುಂದಿನ ಸಲ ಊರಿಗೆ ಹೋದಾಗ ಹೊಳೆದಂಡೆಯ ಹಿರಿಯರನ್ನು ಕೇಳಿ ನೋಡಿ: ಅವರ ಬಾಲ್ಯದಲ್ಲಿ ಯಾವ ಮೀನು ಸಿಗುತ್ತಿತ್ತು, ಈಗ ಯಾವುದು ಸಿಗುತ್ತಿಲ್ಲ? ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಅದೂ ಒಂದು ಲೆಕ್ಕವೇ.

ಮತ್ತೆ ಸಿಗೋಣ.