ಗಡಿಯ ಮನೆಗಳಲ್ಲಿ ‘ಚಿಂಟೂ’: ಒಂದು ಮರುಓದು

ದಿನಪತ್ರಿಕೆಯ ಕಾಮಿಕ್ ಪಟ್ಟಿಯನ್ನು ಯಾರೂ ಓದೆಂದು ಎಣಿಸುವುದಿಲ್ಲ. ನೋಡಿ, ನಕ್ಕು, ಪುಟ ಮಗುಚುತ್ತಾರೆ. ಹಾಗೆ ದಾಟಿಹೋದದ್ದರಲ್ಲಿ ಭಾಷಾಪಾಠವೂ ಇತ್ತೆಂಬುದು ಹೊಳೆಯುವುದು ದೊಡ್ಡವರಾಗಿ ಸಂಕಲನವನ್ನು ಕೈಗೆತ್ತಿಕೊಂಡಾಗ. ಮರಾಠಿಯ ‘ಚಿಂಟೂ’ ಇದಕ್ಕೆ ಒಳ್ಳೆಯ ನಿದರ್ಶನ. ಚಾರುಹಾಸ ಪಂಡಿತ ಮತ್ತು ಪ್ರಭಾಕರ ವಾಡೇಕರ ಸೃಷ್ಟಿಸಿದ ಈ ತುಂಟ ಹುಡುಗ 1991ರ ನವೆಂಬರ್ 21ರಂದು ‘ಸಕಾಳ’ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡ. 2012ರಲ್ಲಿ ಬೆಳ್ಳಿತೆರೆಗೂ ಬಂದ.

ಮಿರಜ ತಾಲ್ಲೂಕಿನ ಬೇಡಗದಂತಹ ಊರಿನಲ್ಲಿ, ಮನೆಯಲ್ಲಿ ಕನ್ನಡ ಶಾಲೆಯಲ್ಲಿ ಮರಾಠಿ ಎಂದು ಬೆಳೆದ ಓದುಗನಿಗೆ ಈ ಮರುಓದು ಬೇರೆಯದೇ ಅನುಭವ. ಅಂದು ನಗಿಸಿದ್ದು ಚಿತ್ರ. ಇಂದು ಕಿವಿಗೆ ಬೀಳುವುದು ಮಾತು. ಅದು ಪುಣೆಯ ಮಧ್ಯಮವರ್ಗದ ಮರಾಠಿ, ಓಣಿಯ ಮರಾಠಿಯಲ್ಲ. ಈ ವ್ಯತ್ಯಾಸ ಉಚ್ಚಾರಣೆಯಷ್ಟಕ್ಕೇ ನಿಲ್ಲುವುದಿಲ್ಲ. ಇದೇ ಸಾಂಗಲಿ ಜಿಲ್ಲೆಯ ‘ಕುಪ್ವಾರ್’ ಗ್ರಾಮವನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನ ತೋರಿಸಿದಂತೆ, ಅಲ್ಲಿನ ಕನ್ನಡ, ಮರಾಠಿ, ಉರ್ದು ತಮ್ಮ ತಮ್ಮ ಶಬ್ದಗಳನ್ನು ಉಳಿಸಿಕೊಂಡೇ ವಾಕ್ಯರಚನೆಯಲ್ಲಿ ಒಂದಾಗುತ್ತ ಬಂದಿವೆ. ಲಿಂಗವ್ಯವಸ್ಥೆಯಲ್ಲಂತೂ ಊರ ಮರಾಠಿ ಕನ್ನಡದತ್ತ ವಾಲಿದೆ: ಶಿಷ್ಟ ಮರಾಠಿಯಲ್ಲಿ ಸ್ತ್ರೀಲಿಂಗವಾದ ‘ನದಿ’ ಅಲ್ಲಿ ಕನ್ನಡದಂತೆಯೇ ನಪುಂಸಕ.

ಕನ್ನಡದ ಮಗುವಿಗೆ ಶಿಷ್ಟ ಮರಾಠಿಯ ಲಿಂಗಭೇದವೇ ತೊಡಕಿನ ಜಾಗ. ‘ನಾ ಬಂದ್ನಿ’ ಎನ್ನಲು ಮನೆಮಾತಿನಲ್ಲಿ ಹುಡುಗ ಹುಡುಗಿ ಎಂಬ ಭೇದವಿಲ್ಲ. ಮರಾಠಿಯಲ್ಲಿ ಚಿಂಟೂ ‘ಮೀ ಆಲೋ’ ಎಂದರೆ ಅವನ ಗೆಳತಿ ಮಿನಿ ‘ಮೀ ಆಲೇ’ ಎನ್ನಬೇಕು. ವ್ಯಾಕರಣ ಪುಸ್ತಕ ನಿಯಮವಾಗಿ ಹೇಳುವುದನ್ನು ಪಟ್ಟಿ ಮುಖ ತೋರಿಸಿ, ಬಾಯಿ ತೆರೆಸಿ, ದಿನಕ್ಕೊಂದು ತುತ್ತಿನಂತೆ ಉಣಿಸಿತು. ಅದೇ ನಗೆಯನ್ನು ಅಜ್ಜಿಗೆ ಕನ್ನಡದಲ್ಲಿ ತಿಳಿಸಿ ಹೇಳುವಾಗ ಆ ಭೇದ ಕರಗಿಹೋಗುತ್ತದೆ. ಹೇಳಿದವರು ಯಾರೆಂಬುದನ್ನು ಹೆಸರು ಹಿಡಿದೇ ಹೇಳಬೇಕು. ಗಡಿಯ ಮಗುವಿನ ಮೊದಲ ಅನುವಾದ ಬಹುಶಃ ಇಂಥದೇ.

ನೋವಿನ ಸಂಗತಿ ಬೇರೆ ಇದೆ. ಪ್ರತಿದಿನ ಕಾದು ಓದುವ ಚಟ ಹತ್ತಿದ್ದು ಮರಾಠಿಯಲ್ಲಿ. ಮನೆಯ ಕನ್ನಡಕ್ಕೆ ಅಂತಹ ಮಾತಿನ ಗುಳ್ಳೆ ಸಿಗಲಿಲ್ಲ. ಬೆಂಗಳೂರಿನ ಪತ್ರಿಕೆ ತಲುಪಿದ್ದರೂ ಅದರ ಕನ್ನಡ ಬೇಡಗದ ಮಗುವಿಗೆ ಪುಣೆಯ ಮರಾಠಿಯಷ್ಟೇ ದೂರವಿರುತ್ತಿತ್ತು. ಪಕ್ಕದ ಮನೆಯ ಜೋಶಿ ಕಾಕೂ ಅವರನ್ನೇ ನೋಡಿ: ಉತ್ತರದ ಕನ್ನಡದಲ್ಲಿ ‘ಕಾಕೂ’ ಮನೆಯದೇ ಮಾತು, ಅನುವಾದವೇ ಬೇಡ. ದಕ್ಷಿಣದ ಅನುವಾದಕ ಅವರನ್ನು ‘ಆಂಟಿ’ ಮಾಡಿಬಿಡುವ ಸಂಭವವೇ ಹೆಚ್ಚು.