ಜಾರುವ ಸ್ವರ, ತಪ್ಪಿದ ಪ್ರಾಸ

ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್ 18ನೇ ಶತಮಾನದ ಆರಂಭದಲ್ಲಿ ಬರೆದ 'ದಿ ರೇಪ್ ಆಫ್ ದಿ ಲಾಕ್' ಕಾವ್ಯದಲ್ಲಿ 'ಟೀ'ಗೆ 'ಒಬೇ' ಪ್ರಾಸವಾಗಿ ಕೂತಿದೆ. ಇವತ್ತಿನ ಕಿವಿಗೆ ಇದು ಪ್ರಾಸವೇ ಅಲ್ಲ. ಆದರೆ ಪೋಪ್ ಎಡವಿರಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಚಹಾವನ್ನು 'ಟೇ' ಎನ್ನುವವರು ಬೇಕಾದಷ್ಟಿದ್ದರು.

ಹಳಗನ್ನಡದ ಆದಿಪ್ರಾಸ ಎರಡನೆಯ ಅಕ್ಷರದ ವ್ಯಂಜನವನ್ನು ಹಿಡಿದು ನಡೆಯುತ್ತದೆ, ಅದರ ಜೊತೆಗಿನ ಸ್ವರ ಬದಲಾದರೂ ಚಿಂತೆಯಿಲ್ಲ. ಇಂಗ್ಲಿಷಿನ ಅಂತ್ಯಪ್ರಾಸ ಮಾತ್ರ ಸ್ವರವನ್ನೇ ನೆಚ್ಚಿಕೊಂಡಿದೆ. ಸ್ವರವೋ, ನಂಬುವಂಥದ್ದಲ್ಲ. 'ಪ' ಎನ್ನಲು ತುಟಿಗಳು ಕೂಡಲೇಬೇಕು. 'ಈ' ಎನ್ನುತ್ತಾ ಮೆಲ್ಲಗೆ 'ಆ' ಕಡೆಗೆ ಬಾಯಿ ತೆರೆದು ನೋಡಿ: ನಾಲಿಗೆ ಎಲ್ಲೂ ತಾಕದೆ ಕೆಳಗಿಳಿಯುತ್ತದೆ, ಯಾವುದು ಎಲ್ಲಿ ಮುಗಿಯಿತು ಎಂದು ಗೆರೆ ಎಳೆಯಲಾಗದು.

1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಪೀಟರ್ಸನ್ ಮತ್ತು ಬಾರ್ನಿ 76 ಮಂದಿಯ ಸ್ವರಗಳನ್ನು ಅಳೆದರು. ಬಾಯಿಯ ಪೊಳ್ಳು ಕೆಲವು ಕಂಪನಾಂಕಗಳನ್ನು ಎತ್ತಿ ಕೊಡುತ್ತದೆ. ಅವುಗಳಲ್ಲಿ ಮೊದಲೆರಡೇ ಸ್ವರದ ಗುರುತು. ಗಂಡಸರ 'ಈ'ಗೆ ಸರಾಸರಿ 270 ಮತ್ತು 2290 ಹರ್ಟ್ಜ್, 'ಆ'ಗೆ 730 ಮತ್ತು 1090. ಸರಾಸರಿ ಚೊಕ್ಕವಾಗಿದ್ದರೂ ಒಬ್ಬೊಬ್ಬರ ಅಳತೆಗಳನ್ನು ನಕ್ಷೆಯಲ್ಲಿಟ್ಟಾಗ ನೆರೆಹೊರೆಯ ಸ್ವರಗಳು ಒಂದರ ಜಾಗಕ್ಕೆ ಇನ್ನೊಂದು ನುಗ್ಗಿದ್ದವು.

ಇಂಗ್ಲಿಷಿನಲ್ಲಿ ಸುಮಾರು 1400ರಿಂದ 1700ರವರೆಗೆ ದೀರ್ಘ ಸ್ವರಗಳು ಸಾಲುಸಾಲಾಗಿ ಜರುಗಿದವು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ ಇದನ್ನು 'ಮಹಾ ಸ್ವರಪಲ್ಲಟ' ಎಂದು ಕರೆದ. ಅದಕ್ಕೂ ಮೊದಲು 'ನೇಮ್' ಹೆಚ್ಚುಕಡಿಮೆ 'ನಾಮ' ಆಗಿತ್ತು (ಸಂಸ್ಕೃತದ ನಾಮಕ್ಕೆ ಅದು ದೂರದ ನೆಂಟನೂ ಹೌದು). 'ಮೌಸ್' 'ಮೂಸ್' ಆಗಿತ್ತು. ಭೇಟಿಯ 'ಮೀಟ್' ಆಗ 'ಮೇಟ್'. ಮಾಂಸದ 'ಮೀಟ್'ಗೆ ಬಾಯಿ ಇನ್ನೂ ಅಗಲವಾಗಿ ತೆರೆಯುತ್ತಿತ್ತು. ಒಂದಕ್ಕೆ ಎರಡು 'ಇ', ಇನ್ನೊಂದಕ್ಕೆ 'ಇ'-'ಎ' ಬರೆಯುವುದು ಈ ಹಳೆಯ ವ್ಯತ್ಯಾಸದಿಂದಲೇ. ಆಮೇಲೆ ಎರಡೂ ಒಂದೇ ಸದ್ದಾದವು. 'ಗ್ರೇಟ್', 'ಬ್ರೇಕ್', 'ಸ್ಟೇಕ್' ಮಾತ್ರ ಹಿಂದೆ ಉಳಿದವು. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದದ್ದು ಈ ಗಲಿಬಿಲಿಯ ನಡುವೆಯೇ. ಕಾಗುಣಿತ ಬರಬರುತ್ತಾ ಗಟ್ಟಿಯಾಯಿತು, ನಾಲಿಗೆ ಅದಕ್ಕಾಗಿ ಕಾಯಲಿಲ್ಲ. ಸ್ಪೆಲಿಂಗ್ ಬಾಯಿಪಾಠ ಮಾಡಿ ಬೇಸತ್ತ ನಮ್ಮ ಮಕ್ಕಳು ಬೈಯುವುದಾದರೆ ಈ ಮುನ್ನೂರು ವರ್ಷಗಳನ್ನು ಬೈಯಬೇಕು.

ಜಾರಾಟ ಈಗಲೂ ನಿಂತಿಲ್ಲ. ಕೆನಡಾದ ಬಹುತೇಕರ ಬಾಯಲ್ಲಿ 'ಕಾಟ್' ಎಂದರೆ ಮಂಚವೂ ಹೌದು, ಹಿಡಿದದ್ದೂ ಹೌದು. ಅಮೆರಿಕದ ದಕ್ಷಿಣದಲ್ಲಿ 'ಪಿನ್' ಮತ್ತು 'ಪೆನ್' ಒಂದೇ ಸದ್ದಾಗಿರುವುದರಿಂದ, ಬರೆಯಲು ಪೆನ್ ಬೇಕಾದವರು 'ಇಂಕ್ ಪೆನ್' ಕೊಡಿ ಎಂದು ಬಿಡಿಸಿ ಕೇಳುವುದುಂಟು.