ಹಾರ್ಡ್ ಡಿಸ್ಕಿಗೂ ಒಂದು ಪಹಣಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿಯೊಂದರ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಎಡಗಡೆ ಸಿಗುವುದೇ ಮೇಷ್ಟ್ರ ಅಂಗಡಿ. ಬೋರ್ಡಿನ ಮೇಲೆ ಅದಕ್ಕೆ ಬೇರೆ ಹೆಸರಿದೆ, ಯಾರೂ ಆ ಹೆಸರು ಹೇಳುವುದಿಲ್ಲ. ತೊಂಬತ್ತರ ದಶಕದಲ್ಲಿ ಇವರು ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಡಾಸ್ ಕಲಿಸುತ್ತಿದ್ದರಂತೆ. ಆಗಿನಿಂದ ಊರಿಗೆಲ್ಲ ಮೇಷ್ಟ್ರು. ‘ಪೇಪರಿನಲ್ಲಿ ನನ್ನ ಹೆಸರು ಹಾಕಬೇಡಿ, ಆಮೇಲೆ ಪ್ರಿಂಟರ್ ರಿಪೇರಿಯವರೂ ಬಂದು ಕೂರ್ತಾರೆ’ ಎಂದದ್ದರಿಂದ ಇಲ್ಲಿಯೂ ಅವರು ಮೇಷ್ಟ್ರೇ.

ಮೊದಲ ಸಲ ಅಲ್ಲಿಗೆ ಹೋದಾಗ ನನ್ನ ಕಂಕುಳಲ್ಲಿ ಒಂದು ಸಿಪಿಯು ಡಬ್ಬವಿತ್ತು. ಹತ್ತು ವರ್ಷದ ಹಳೆಯ, ಬಿಡಿಭಾಗ ಜೋಡಿಸಿದ ಕಂಪ್ಯೂಟರ್. ಒಂದು ಬೆಳಿಗ್ಗೆ ಹಾಕಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ಬೂಟ್ ಮಾಡಲು ಸಾಧನವೇ ಇಲ್ಲ. ಮನೆಯ ಹತ್ತಿರದ ಅಂಗಡಿಯವರು ಐದು ನಿಮಿಷ ನೋಡಿ, ‘ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ, ಡೇಟಾ ಆಸೆ ಬಿಡಿ’ ಎಂದಿದ್ದರು. ಡಿ ಡ್ರೈವ್‌ನಲ್ಲಿ ಅಪ್ಪನ ಕಡೆಯ ವರ್ಷದ ಫೋಟೊಗಳಿದ್ದವು.

ಮೇಷ್ಟ್ರು ಡಬ್ಬಕ್ಕೆ ಕರೆಂಟು ಕೊಟ್ಟು ಡಿಲೀಟ್ ಕೀಲಿಯನ್ನು ಟಪಟಪ ಒತ್ತಿದರು. ಬಯೋಸ್ ಪರದೆ ಬಂತು. ಅವರು ಡಿಸ್ಕಿನ ಪಟ್ಟಿಯತ್ತ ನೋಡಲೇ ಇಲ್ಲ, ಮೂಲೆಯಲ್ಲಿದ್ದ ತಾರೀಕು ನೋಡಿದರು. ಅದು ಎಷ್ಟೋ ವರ್ಷ ಹಿಂದಿನದು.

‘ಸೆಲ್ ಸತ್ತಿದೆ ಮಾರಾಯ್ರೆ. ಡಿಸ್ಕ್ ಬದುಕಿದೆ.’

ಮದರ್‌ಬೋರ್ಡಿನ ಮೇಲೆ ಹಳೇ ಎಂಟಾಣೆಯಂತೆ ಕೂತಿರುವ ಸಿಆರ್2032 ಎಂಬ ಬಿಲ್ಲೆ ಸೆಲ್ ಖಾಲಿಯಾದರೆ ಗಡಿಯಾರ ತಪ್ಪುವುದಷ್ಟೇ ಅಲ್ಲ, ಅನೇಕ ಬೋರ್ಡುಗಳಲ್ಲಿ ಸೆಟ್ಟಿಂಗ್‌ಗಳೂ ಕಾರ್ಖಾನೆಯಿಂದ ಬಂದ ಹಾಗೆ ಆಗಿಬಿಡುತ್ತವೆ. ನನ್ನ ವಿಂಡೋಸನ್ನು ಯಾರೋ ಹಳೆಯ ‘ಲೆಗಸಿ’ ಕ್ರಮದಲ್ಲಿ ಹಾಕಿದ್ದರು. ಸೆಲ್ ಸತ್ತ ರಾತ್ರಿ ಬೋರ್ಡು ತನ್ನ ಹುಟ್ಟುಗುಣವಾದ ‘ಯುಇಎಫ್‌ಐ’ಗೆ ಮರಳಿತ್ತು. ಹೊಸ ಕ್ರಮದಲ್ಲಿ ಹುಡುಕುವವನಿಗೆ ಹಳೆಯ ಕ್ರಮದಲ್ಲಿ ಇಟ್ಟದ್ದು ಕಾಣಲಿಲ್ಲ, ಅಷ್ಟೇ. ಮೇಷ್ಟ್ರು ಸೆಲ್ ಬದಲಿಸಿ, ಬೂಟ್ ಮೋಡನ್ನು ಲೆಗಸಿಗೆ ತಿರುಗಿಸಿ, ಎಫ್10 ಒತ್ತಿದರು. ವಿಂಡೋಸ್ ಬಂತು. ಅಪ್ಪನೂ ಬಂದರು.

ಎರಡನೆಯ ಸಲ ಹೋದದ್ದು ಈ ಲೇಖನಕ್ಕಾಗಿ.

ನಾಲ್ಕೇ ಸಾಲಿನ ಪುಸ್ತಕ

ಮೇಷ್ಟ್ರ ತಂದೆ ಸರ್ವೇಯರ್ ಆಗಿದ್ದವರು. ಸರಪಳಿ ಹಿಡಿದು ಹೊಲ ಗದ್ದೆ ಅಳೆದವರು. ಹಾಗಾಗಿಯೋ ಏನೋ, ಮೇಷ್ಟ್ರಿಗೆ ಹಾರ್ಡ್ ಡಿಸ್ಕ್ ಕಂಡರೆ ಜಮೀನೇ ನೆನಪಾಗುತ್ತದೆ. ಪಾರ್ಟಿಷನ್ ಎಂಬುದಕ್ಕೆ ಅವರ ಬಾಯಲ್ಲಿ ಬರುವ ಮಾತು ‘ಪೋಡಿ’. ಬಿಲ್ ಪುಸ್ತಕದ ಹಿಂಬದಿಯಲ್ಲಿ ಉದ್ದನೆಯ ಒಂದು ಚೌಕ ಬರೆದು ಶುರು ಮಾಡಿದರು.

‘ಇದು ಜಮೀನು. ಇದರ ಮೊದಲ ತುಂಡು 512 ಬೈಟ್. ಪಹಣಿ ಇರೋದು ಅಲ್ಲಿ. ಅದಕ್ಕೇ ಎಂಬಿಆರ್ ಅಂತ ಹೆಸರು. 512ರಲ್ಲಿ 446 ಬೈಟ್ ಕಂಪ್ಯೂಟರನ್ನು ಎಬ್ಬಿಸೋ ಪ್ರೋಗ್ರಾಮಿಗೆ ಹೋಯ್ತು. ಉಳಿದದ್ದು 66. ಅದರಲ್ಲಿ ಕಡೇ ಎರಡು ಬೈಟ್ ಸಹಿ. ಆ ಸಹಿ ಇಲ್ಲದಿದ್ರೆ ಬಯೋಸ್ ಈ ಪಹಣಿ ನಂಬಲ್ಲ. ಮಧ್ಯ ಸಿಕ್ಕಿದ್ದು 64. ಒಂದು ಹಿಸ್ಸಾ ಬರೆಯೋಕೆ 16 ಬೈಟ್ ಬೇಕು. ಎಷ್ಟಾಯ್ತು?’

ನಾನು ವಿದ್ಯಾರ್ಥಿಯಂತೆ, ‘ನಾಲ್ಕು’ ಎಂದೆ.

‘ನಾಲ್ಕೇ! ಐದನೇ ಮಗ ಹುಟ್ಟಿದ್ರೆ ಎಂತ ಮಾಡೋದು? ಆಗ ನಾಲ್ಕನೇ ಹಿಸ್ಸಾನ ಎಕ್ಸ್‌ಟೆಂಡೆಡ್ ಅಂತ ಬರೆದು, ಅದರ ಒಳಗೆ ಮತ್ತೆ ಪೋಡಿ ಮಾಡೋದು. ಆ ಒಳಗಿನವು ಲಾಜಿಕಲ್ ಡ್ರೈವ್.’

ನಮ್ಮ ಮನೆಗಳ ಕಂಪ್ಯೂಟರಿನಲ್ಲಿ ಸಿ, ಡಿ, ಇ, ಎಫ್ ಎಂದು ಡ್ರೈವ್‌ಗಳ ಸಾಲು ಇರುತ್ತಿದ್ದುದು ನೆನಪಿದೆಯೇ? ಸಿ-ಯಲ್ಲಿ ವಿಂಡೋಸ್, ಡಿ-ಯಲ್ಲಿ ಮದುವೆ ವಿಡಿಯೊ, ಇ-ಯಲ್ಲಿ ಹಾಡು, ಎಫ್‌ನಲ್ಲಿ ಯಾರಿಗೂ ಹೇಳದ್ದು. ‘ಸಿಸ್ಟಮ್ ಸ್ಲೋ ಆಗಿದೆ, ಫಾರ್ಮ್ಯಾಟ್ ಹೊಡೀರಿ, ಡಿ ಮುಟ್ಟಬೇಡಿ’ ಎನ್ನುವುದು ಈ ಅಂಗಡಿಗಳಲ್ಲಿ ಸುಪ್ರಭಾತದಂತೆ ದಿನವೂ ಕೇಳುತ್ತಿದ್ದ ಮಾತು. ಆ ಸಾಲಿನ ಹಿಂದೆ ಹೆಚ್ಚಾಗಿ ಇದ್ದದ್ದು ಇದೇ ಒಳಪೋಡಿ.

ಎಂಬಿಆರ್‌ಗೆ ಇನ್ನೊಂದು ಮಿತಿಯೂ ಉಂಟು. ಹಿಸ್ಸಾ ಎಲ್ಲಿಂದ ಶುರು, ಎಷ್ಟು ಉದ್ದ ಎಂದು ಬರೆಯಲು ಅದರಲ್ಲಿರುವುದು 32 ಬಿಟ್ ಜಾಗ. 512 ಬೈಟ್‌ನ ತುಂಡುಗಳಲ್ಲಿ ಎಣಿಸಿದರೆ ಲೆಕ್ಕ ಹೆಚ್ಚುಕಡಿಮೆ 2 ಟಿಬಿಗೆ ನಿಲ್ಲುತ್ತದೆ. 4 ಟಿಬಿ ಡಿಸ್ಕ್ ತಂದು ಎಂಬಿಆರ್ ಹಾಕಿಸಿಕೊಂಡವರಿಗೆ ಅರ್ಧ ಡಿಸ್ಕ್ ಇದ್ದೂ ಇಲ್ಲ. ಮೇಷ್ಟ್ರ ಭಾಷೆಯಲ್ಲಿ ಅದು ‘ಪಹಣಿಗೆ ಬರದ ಭೂಮಿ’.

ಜಿಪಿಟಿ ಎಂಬ ಹೊಸ ಬಗೆಯ ಪಹಣಿ ಬಂದದ್ದು ಈ ಇಕ್ಕಟ್ಟು ಬಿಡಿಸಲು. ಇದರ ಪುಸ್ತಕದಲ್ಲಿ ಸಾಮಾನ್ಯವಾಗಿ 128 ಸಾಲು. ಪ್ರತಿ ಹಿಸ್ಸಾಗೂ ಬೇರೆ ಯಾವುದಕ್ಕೂ ಇಲ್ಲದ ಉದ್ದನೆಯ ಗುರುತಿನ ಸಂಖ್ಯೆ. ಮೇಷ್ಟ್ರಿಗೆ ಅತಿ ಇಷ್ಟವಾದದ್ದು ಬೇರೆ ಎರಡು ಸಂಗತಿ. ಒಂದು, ಈ ಪುಸ್ತಕದ ನಕಲು ಡಿಸ್ಕಿನ ಕಟ್ಟಕಡೆಯಲ್ಲಿ ಇರುತ್ತದೆ. ಮುಂದಿನದು ಕೆಟ್ಟರೆ ಹಿಂದಿನದರಿಂದ ಸರಿಪಡಿಸಬಹುದು. ‘ತಾಲ್ಲೂಕು ಕಚೇರಿಗೆ ಬೆಂಕಿ ಬಿದ್ರೂ ಜಿಲ್ಲಾ ಕಚೇರಿಲಿ ನಕಲು ಇದ್ದ ಹಾಗೆ.’ ಎರಡು, ಜಿಪಿಟಿ ಡಿಸ್ಕಿನ ಮೊದಲ 512 ಬೈಟ್‌ನಲ್ಲಿ ಈಗಲೂ ಒಂದು ಎಂಬಿಆರ್ ಕೂತಿದೆ. ಅದರ ಕೆಲಸ ಒಂದೇ: ಜಿಪಿಟಿ ಓದಲು ಬಾರದ ಹಳೆಯ ತಂತ್ರಾಂಶ ಬಂದರೆ, ಇಡೀ ಡಿಸ್ಕ್ ಭರ್ತಿಯಾಗಿದೆ ಎಂದು ತೋರಿಸಿ ವಾಪಸ್ ಕಳಿಸುವುದು. ‘ಖಾಲಿ ಸೈಟು ಅಂತ ಯಾರೂ ಬೇಲಿ ಹಾಕ್ಕೋಬಾರದು ಅಂತ ನಿಲ್ಲಿಸಿದ ಬೋರ್ಡು ಅದು’ ಎಂದು ನಕ್ಕರು.

ಒಂದೇ ಪೆನ್ ಡ್ರೈವ್, ಎರಡು ಹೆಸರು

ಪಹಣಿ ಒಂದು ಕಡೆಯಾದರೆ, ಅದನ್ನು ಓದುವವರು ಇನ್ನೊಂದು ಕಡೆ. ಹಳೆಯ ಬಯೋಸ್ ಮೊದಲ ತುಂಡನ್ನು ಓದಿ, ಸಹಿ ನೋಡಿ, ಅಲ್ಲಿರುವ ಪ್ರೋಗ್ರಾಮಿಗೆ ಯಜಮಾನಿಕೆ ಒಪ್ಪಿಸಿ ಸುಮ್ಮನಾಗುತ್ತದೆ. ಯುಇಎಫ್‌ಐ ಹಾಗಲ್ಲ. ಅದಕ್ಕೆ ಕಡತ ಓದಲು ಬರುತ್ತದೆ. ಫ್ಯಾಟ್32 ಎಂಬ ಕಡತ ವ್ಯವಸ್ಥೆಯಲ್ಲಿರುವ ಒಂದು ಪುಟ್ಟ ಹಿಸ್ಸಾದೊಳಗೆ ಹೋಗಿ, ಬೂಟ್ ಕಡತವನ್ನು ತಾನೇ ಹುಡುಕಿ ಓಡಿಸುತ್ತದೆ. ವಿಂಡೋಸ್ ಈ ಹಿಸ್ಸಾವನ್ನು ಸಾಮಾನ್ಯವಾಗಿ 100 ಎಂಬಿಯಷ್ಟು ಮಾಡಿ, ಅಕ್ಷರ ಕೊಡದೆ ಬಚ್ಚಿಡುತ್ತದೆ. ‘ಇದು ಯಾಕೆ ಸುಮ್ನೆ ಅಂತ ಅಳಿಸಿಬಿಟ್ಟೆ ಸಾರ್’ ಎನ್ನುವವರು ವರ್ಷಕ್ಕೆ ನಾಲ್ಕಾರು ಮಂದಿಯಾದರೂ ಮೆಟ್ಟಿಲು ಹತ್ತುತ್ತಾರೆ.

ವಿಂಡೋಸ್‌ಗೆ ಮಡಿ ಜಾಸ್ತಿ. ತಾನು ಏಳುವುದು ಲೆಗಸಿ, ಅಂದರೆ ಹಳೆಯ ಬಯೋಸ್ ಕ್ರಮದಲ್ಲಾದರೆ ಡಿಸ್ಕ್ ಎಂಬಿಆರ್ ಇರಬೇಕು, ಯುಇಎಫ್‌ಐ ಆದರೆ ಜಿಪಿಟಿ. ಅಡ್ಡ ಸಂಬಂಧ ಒಪ್ಪುವುದಿಲ್ಲ. ಲಿನಕ್ಸ್ ಸ್ವಲ್ಪ ಉದಾರಿ. ಜಿಪಿಟಿ ಡಿಸ್ಕಿನಲ್ಲಿ 1 ಎಂಬಿಯ ಒಂದು ತುಂಡನ್ನು ತನ್ನನ್ನು ಎಬ್ಬಿಸುವ ‘ಗ್ರಬ್’ ಎಂಬ ಪ್ರೋಗ್ರಾಮಿಗೆ ಬಿಟ್ಟುಕೊಟ್ಟರೆ ಹಳೆಯ ಬಯೋಸ್‌ನಲ್ಲೂ ಏಳುತ್ತದೆ.

ಅನಾಹುತ ಆಗುವುದು ಎಲ್ಲಿ ಎಂದು ಕೇಳಿದೆ. ಮೇಷ್ಟ್ರು ಒಂದು ಪೆನ್ ಡ್ರೈವ್ ಚುಚ್ಚಿ ಎಫ್12 ಒತ್ತಿದರು. ಬೂಟ್ ಪಟ್ಟಿಯಲ್ಲಿ ಆ ಒಂದೇ ಪೆನ್ ಡ್ರೈವ್ ಎರಡು ಸಲ ಕಂಡಿತು: ಒಂದರ ಮುಂದೆ ಯುಇಎಫ್‌ಐ ಎಂದಿದೆ, ಇನ್ನೊಂದರ ಮುಂದೆ ಏನೂ ಇಲ್ಲ. ‘ಇಲ್ಲಿ ಯಾವ ಸಾಲು ಆರಿಸ್ತೀರೋ, ವಿಂಡೋಸ್ ಆ ಕ್ರಮದಲ್ಲೇ ಕೂರುತ್ತೆ. ಹುಡುಗರು ನೋಡದೆ ಎಂಟರ್ ಹೊಡೀತಾರೆ. ಡಿಸ್ಕ್ ಎಂಬಿಆರ್ ಇದ್ದು ಯುಇಎಫ್‌ಐ ಸಾಲು ಆರಿಸಿದ್ರೆ, ಈ ಡಿಸ್ಕಲ್ಲಿ ಹಾಕೋಕೆ ಆಗಲ್ಲ ಅಂತ ಬರುತ್ತೆ. ಸಿಟ್ಟಲ್ಲಿ ಎಲ್ಲ ಪಾರ್ಟಿಷನ್ನೂ ಡಿಲೀಟ್ ಮಾಡ್ತಾರೆ. ಖಾಲಿ ಡಿಸ್ಕ್ ಸಿಕ್ಕಿದ ಮೇಲೆ ಸೆಟಪ್ ಖುಷಿಯಿಂದ ಜಿಪಿಟಿ ಮಾಡ್ಕೊಳ್ಳುತ್ತೆ. ವಿಂಡೋಸ್ ಬಂತು. ಡಿ ಹೋಯ್ತು.’

ಮೇಷ್ಟ್ರು ಮಾಡುವುದು ಇಷ್ಟು: ವಾಪಸ್ ಬಂದು ಇನ್ನೊಂದು ಸಾಲು ಆರಿಸುವುದು. ಇಲ್ಲವೇ 2017ರಿಂದ ವಿಂಡೋಸ್ 10ರೊಳಗೇ ಬಂದಿರುವ ‘ಎಂಬಿಆರ್2ಜಿಪಿಟಿ’ ಎಂಬ ಆದೇಶದಿಂದ, ಒಳಗಿನ ಕಡತ ಅಳಿಸದೆ ಪಹಣಿಯನ್ನಷ್ಟೇ ಹೊಸ ಪುಸ್ತಕಕ್ಕೆ ಏರಿಸುವುದು. ಆದರೆ ಅದಕ್ಕೊಂದು ಷರತ್ತು. ಪ್ರೈಮರಿ ಹಿಸ್ಸಾ ಮೂರಕ್ಕಿಂತ ಹೆಚ್ಚಿರಬಾರದು, ಒಳಪೋಡಿ ಇರಲೇಬಾರದು. ನಮ್ಮ ಸಿ-ಡಿ-ಇ-ಎಫ್ ಸಂಸಾರಗಳು ಹೆಚ್ಚಾಗಿ ಇಲ್ಲೇ ನಪಾಸಾಗುತ್ತವೆ. ಆಗ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ‘ಡಿಸ್ಕ್‌ಪಾರ್ಟ್’ ತೆರೆದು, ಡಿಸ್ಕ್ ಆರಿಸಿ, ‘ಕ್ಲೀನ್’, ‘ಕನ್ವರ್ಟ್ ಜಿಪಿಟಿ’. ಇಡೀ ಪಹಣಿಯನ್ನೇ ಅಳಿಸುವ ಕ್ಲೀನ್ ಎಂಬ ಪದ ಟೈಪಿಸುವ ಮುನ್ನ ಮೇಷ್ಟ್ರು ಡಿಸ್ಕಿನ ಸಂಖ್ಯೆಯನ್ನು ಎರಡು ಸಲ ಗಟ್ಟಿಯಾಗಿ ಓದುತ್ತಾರೆ. ನಾನಿದ್ದ ಮಧ್ಯಾಹ್ನವೂ ಓದಿದರು, ಸಂಕಲ್ಪ ಹೇಳುವವರ ಹಾಗೆ.

ಆಮೇಲಿನ ಇನ್‌ಸ್ಟಾಲ್ ನೆಕ್ಸ್ಟ್, ನೆಕ್ಸ್ಟ್ ಅಷ್ಟೇ. ಅಷ್ಟರಲ್ಲಿ ಕೆಳಗಿನಿಂದ ಕಾಫಿ ಬಂತು.

ಕಾಫಿ ಮುಗಿಯುವಷ್ಟು ಚರಿತ್ರೆ

ಇದೆಲ್ಲ ಶುರುವಾದದ್ದು ಎಲ್ಲಿಂದ? ಮೇಷ್ಟ್ರು ಲೋಟ ಹಿಡಿದೇ ಹೇಳಿದರು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಫ್ಲಾಪಿಗಳಿಗೆ ಎ, ಬಿ. 1983ರ ಮಾರ್ಚ್‌ನಲ್ಲಿ 10 ಎಂಬಿ ಡಿಸ್ಕಿನ ಪಿಸಿ ಎಕ್ಸ್‌ಟಿ ಬಂತು, ಜೊತೆಗೆ ಡಾಸ್ 2.0, ಅದರೊಂದಿಗೆ ಎಂಬಿಆರ್. 10 ಎಂಬಿಗೆ ನಾಲ್ಕು ಹಿಸ್ಸಾ ಧಾರಾಳವೇ ಆಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಇಂಟೆಲ್ ತನ್ನ ಇಟಾನಿಯಂ ಯಂತ್ರಗಳಿಗಾಗಿ ಇಎಫ್‌ಐ ರೂಪಿಸಿತು, ಜಿಪಿಟಿ ಅದರ ಭಾಗವಾಗಿ ಬಂತು. 2005ರಲ್ಲಿ ಹಲವು ಕಂಪನಿಗಳು ಸೇರಿ ವೇದಿಕೆ ಕಟ್ಟಿದಾಗ ಹೆಸರಿಗೆ ‘ಯು’ ಸೇರಿತು. 2012ರ ವಿಂಡೋಸ್ 8ರ ಜೊತೆ, ಬೂಟ್ ಕಡತದ ಸಹಿ ಪರಿಶೀಲಿಸುವ ಸೆಕ್ಯೂರ್ ಬೂಟ್ ಮನೆಮನೆಗೆ ಬಂತು. 2021ರ ವಿಂಡೋಸ್ 11 ಯುಇಎಫ್‌ಐ ಇಲ್ಲದ ಯಂತ್ರ ತನಗೆ ಸಲ್ಲದು ಎಂದಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಕಾಫಿಯೂ ಮುಗಿಯಿತು.

ಪೇಜ್‌ಮೇಕರ್ ಯಂತ್ರ

ಅಂಗಡಿಯ ಮೂಲೆಯಲ್ಲಿ ಬಟ್ಟೆ ಮುಚ್ಚಿದ ಯಂತ್ರವೊಂದಿತ್ತು. ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸೊಂದರದು. ಅದರೊಳಗೆ 32 ಬಿಟ್‌ನ ವಿಂಡೋಸ್ 7, ಪೇಜ್‌ಮೇಕರ್, ಹಳೆಯ ನುಡಿ ಅಕ್ಷರಗಳು. ಎಷ್ಟೋ ವರ್ಷದ ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ, ಜಾತ್ರೆ ಕರಪತ್ರಗಳೆಲ್ಲ ಯೂನಿಕೋಡ್ ಅಲ್ಲದ ಆ ಅಕ್ಷರಗಳಲ್ಲೇ ಇವೆ. ಆ ವಿಂಡೋಸ್‌ಗೆ ಯುಇಎಫ್‌ಐನಲ್ಲಿ ಏಳಲು ಬರುವುದಿಲ್ಲ. ಹೊಸ ಬೋರ್ಡು ತರೋಣ ಎಂದರೆ ಎಷ್ಟೋ ಹೊಸ ಬೋರ್ಡುಗಳಲ್ಲಿ ಲೆಗಸಿ ಎಂಬ ಆಯ್ಕೆಯನ್ನೇ ತೆಗೆದಿದ್ದಾರೆ. ಹಾಗಾಗಿ ಮೇಷ್ಟ್ರು ಹಳೆಯ ಬೋರ್ಡುಗಳನ್ನು ಗುಜರಿಯಿಂದ ಆರಿಸಿ ತಂದು ಇಟ್ಟುಕೊಂಡಿದ್ದಾರೆ. ಆ ಕಡತಗಳನ್ನು ಯೂನಿಕೋಡಿಗೆ ತರದಿದ್ದರೆ ಗುಜರಿ ಬೋರ್ಡುಗಳ ಜೊತೆಗೇ ಅವೂ ಮುಗಿಯುತ್ತವೆ ಎಂದು ಪ್ರೆಸ್ಸಿನವರಿಗೆ ಹೇಳಿ ಹೇಳಿ ಸಾಕಾಗಿದೆಯಂತೆ.

ಹೊಸ ಲ್ಯಾಪ್‌ಟಾಪ್‌ಗಳ ಕಷ್ಟವೇ ಬೇರೆ. ಅನೇಕವುಗಳಲ್ಲಿ ಡಿಸ್ಕ್ ತಾನಾಗಿ ಬೀಗ ಹಾಕಿಕೊಂಡಿರುತ್ತದೆ. ಬೂಟ್ ಸೆಟ್ಟಿಂಗ್ ಮುಟ್ಟಿದರೆ 48 ಅಂಕಿಯ ಕೀಲಿ ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ಇರುವುದು ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಹಾಗಾಗಿ ಈಗ ಮೇಷ್ಟ್ರ ಮೊದಲ ಪ್ರಶ್ನೆ, ‘ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ನೆನಪುಂಟಾ?’ ಹೆಚ್ಚಿನವರಿಗೆ ಖಾತೆ ಇದೆ ಎಂಬುದೇ ಗೊತ್ತಿರುವುದಿಲ್ಲ.

ಅಂಗಡಿಯಲ್ಲಿ ಮೇಷ್ಟ್ರ ಜೊತೆಗಿದ್ದ ಹುಡುಗ ಸಿಸಿಟಿವಿ ಹಾಕುವ ಕೆಲಸಕ್ಕೆ ಹೋದ. ಅದರಲ್ಲಿ ದುಡ್ಡಿದೆ, ಮೇಷ್ಟ್ರಿಗೆ ಬೇಸರವಿಲ್ಲ. ‘ಎರಡು ಪ್ರಶ್ನೆ ಕೇಳೋದು ಕಲಿಸಿದ್ದೆ. ಪಹಣಿ ಯಾವುದು, ಓದೋನು ಯಾರು. ಇದು ಕೇಳದೆ ಡಿಸ್ಕ್ ಮುಟ್ಟಬಾರದು. ಅಷ್ಟು ನೆನಪಿಟ್ಟುಕೊಂಡ್ರೆ ಸಾಕು.’

ಓದುಗರು ಇವತ್ತೇ ಒಂದು ಕೆಲಸ ಮಾಡಬಹುದು. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಎಂಎಸ್‌ಇನ್ಫೊ32 ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ‘ಬಯೋಸ್ ಮೋಡ್’ ಎಂಬ ಸಾಲು ನೋಡಿ. ಲೆಗಸಿಯೋ ಯುಇಎಫ್‌ಐಯೋ, ಒಂದು ಚೀಟಿಯಲ್ಲಿ ಬರೆದಿಡಿ. ಫೋಟೊಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಫಾರ್ಮ್ಯಾಟ್ ಹೊಡೆಯಲು ಬಂದವರಿಗೆ ಮೊದಲು ಆ ಚೀಟಿ ಕೊಡಿ.

ನನ್ನ ಡಬ್ಬದ ಮುಚ್ಚಳದ ಒಳಬದಿಯಲ್ಲಿ ಮೇಷ್ಟ್ರು ಬಾಲ್ ಪೆನ್ನಿನಲ್ಲಿ ಬರೆದು ಅಂಟಿಸಿದ ಚೀಟಿ ಇದೆ: ‘ಎಂಬಿಆರ್. ಲೆಗಸಿ. ಡಿ-ಯಲ್ಲಿ ತಂದೆಯವರ ಫೋಟೊ ಇದೆ. ಕೈ ಹಚ್ಚುವ ಮೊದಲು ಕೇಳಿ.’